ಸೂರಕ್ಕಿ ಗೆದ್ದುಕೊಟ್ಟ ರಜೆ

ಹೋದ ವರ್ಷ ಈದ್ ರಜೆಗೆ ದುಬೈಯ ಕರಾಮದಲ್ಲಿರುವ ನಾವು ಮೂವರು ಗೆಳತಿಯರು ಹಮ್ಮಿಂಗ್‌ಬರ್ಡ್ ನೋಡಲು ಈಕ್ವೆಡಾರಿಗೆ ಹೋಗಿ ಬಂದೆವು. ನೋಡಿದೆ, ಕಣ್ತುಂಬ ನೋಡಿದೆ. ಹೆಬ್ಬೆರಳಿನಷ್ಟು ಹಕ್ಕಿ ನನ್ನ ಮೂಗಿನ ಮುಂದೆಯೇ ಗಾಳಿಯಲ್ಲಿ ನಿಂತು ಹೂವಿಗೆ ಕೊಕ್ಕಿಟ್ಟಿತು. ಫೋಟೋ ಮಾತ್ರ ಒಂದೂ ದಕ್ಕಲಿಲ್ಲ. ನಾನು ಗುಂಡಿ ಒತ್ತುವಷ್ಟರಲ್ಲಿ ಅದು ಇನ್ನೊಂದು ಗಿಡದಲ್ಲಿರುತ್ತಿತ್ತು. ಮನೆಗೆ ಬಂದು ಟಿವಿಗೆ ಹಾಕಿ ತೋರಿಸಿದರೆ ನನ್ನ ಗಂಡ ಸೋಫಾದಲ್ಲಿ ಮಲಗಿಕೊಂಡೇ, "ಕೊಂಬೆ ಚಂದ ಬಂದಿದೆ," ಎಂದರು. ನನಗೆ ಮೈಯೆಲ್ಲಾ ಉರಿಯಿತು.

ಈ ವರ್ಷದ ರಜೆಗೆ ಮತ್ತೆ ಅಲ್ಲಿಗೇ ಹೋಗಬೇಕು, ಅದೂ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ, ಎಂದು ಪಟ್ಟು ಹಿಡಿದೆ. ಗಲ್ಫಿನಲ್ಲಿರುವ ನಮ್ಮ ಉಡುಪಿ ಕಡೆಯವರಲ್ಲಿ ಇದು ಬಾಯಿಬಿಟ್ಟು ಹೇಳುವ ಮಾತಲ್ಲ. ವರ್ಷದ ರಜೆ ಎಂದರೆ ಊರು. ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಇಳಿಯುವುದು, ಗಂಡನ ಕಡೆಯ ಮದುವೆ, ಗೃಹಪ್ರವೇಶ, ಮನೆಮನೆಗೆ ಹೋಗಿ ಚಹಾ ಕುಡಿಯುವುದು, ಮತ್ತೆ ಪೆಟ್ಟಿಗೆ ಕಟ್ಟಿ ವಿಮಾನ ಹತ್ತುವುದು. ಈದಿನ ಆ ಪ್ರವಾಸ ಬಿಟ್ಟರೆ ಮದುವೆಯಾದಾಗಿನಿಂದ ಒಂದು ರಜೆಯೂ ನನ್ನದಾಗಿರಲಿಲ್ಲ.

"ಅಷ್ಟು ದೂರ ಹೋಗಿ ಪುನಃ ಕೊಂಬೆ ತರ್ಲಿಕ್ಕಾ?" ಎಂದರು ಇವರು. "ಒಂದು ಕೆಲಸ ಮಾಡು. ಖಲೀಫಾ ಸಿಟಿಯಲ್ಲಿ ನಿನ್ನ ಅಕ್ಕನ ಮನೆಗೆ ಸೂರಕ್ಕಿ ಬರ್ತದಲ್ಲ, ಅದು ಗಾಳಿಯಲ್ಲಿ ನಿಂತದ್ದನ್ನು ತೆಗಿ. ಮೇ ಮುಗಿಯುವುದರೊಳಗೆ ಒಂದು ಫೋಟೋ. ಸಿಕ್ಕಿದ್ರೆ ರಜೆ ನಿಂದು. ಇಲ್ದಿದ್ರೆ ಮಂಗಳೂರಿಗೆ ಟಿಕೆಟ್."

"ಮತ್ತೆ ಮಾತು ತಪ್ಲಿಕ್ಕಿಲ್ಲ," ಎಂದೆ.

ಸೂರಕ್ಕಿ ಹಮ್ಮಿಂಗ್‌ಬರ್ಡ್ ಅಲ್ಲ, ಅದರ ಕುಲವೇ ಬೇರೆ. ಆದರೂ ಗಾತ್ರ ಪುಟ್ಟದು, ಕೊಕ್ಕು ಉದ್ದ, ಬಿಸಿಲು ಬಿದ್ದರೆ ಗಂಡಿನ ಕಪ್ಪು ಮೈ ನೀಲಿಯಾಗಿ ಹೊಳೆಯುತ್ತದೆ. ಹೆಚ್ಚಾಗಿ ಕೊಂಬೆಯಲ್ಲಿ ಕುಳಿತೇ ಮಕರಂದ ಹೀರುತ್ತದೆ. ಕಾಲೂರಲು ಜಾಗವಿಲ್ಲದ ಹೂವಾದರೆ ಮಾತ್ರ, ಅದರ ಮುಂದೆ ರೆಕ್ಕೆ ಬಡಿಯುತ್ತಾ ಕ್ಷಣಹೊತ್ತು ನಿಲ್ಲುತ್ತದೆ. ನನಗೆ ಅದೇ ಬೇಕಿತ್ತು.

ಪ್ರತಿ ಶನಿವಾರ ಬೆಳಕು ಹರಿಯುವ ಮೊದಲೇ ದುಬೈ ಬಿಟ್ಟು ಅಬುಧಾಬಿಯಲ್ಲಿರುವ ಅಕ್ಕನ ಮನೆಯ ದಾರಿ ಹಿಡಿಯುತ್ತಿದ್ದೆವು. ದೇವರಿಗೆ ಕೊಯ್ಯುವ ದಾಸವಾಳವನ್ನು ಅಕ್ಕ ಆ ದಿನ ಗಿಡದಲ್ಲೇ ಬಿಡುತ್ತಿದ್ದಳು. ಹಕ್ಕಿ ಬಿಸಿಲೇರುವ ಮುಂಚೆ ಒಂದು ಸಲ ಬಂದು ಹೋದರೆ ಮುಗಿಯಿತು. ನಾನು ಕಾರಿನಿಂದಿಳಿದು ಅಂಗಳಕ್ಕೆ ಓಡಿ ಕ್ಯಾಮೆರಾ ಎತ್ತಿದರೆ ಎದುರಿಗೆ ಬರೀ ಬಿಳಿ. ಲೆನ್ಸಿನ ತುಂಬಾ ಮಂಜು. ಶಾಲಿನಿಂದ ಒರೆಸಿದರೆ ಮತ್ತೆ ಮಂಜು. ಅಷ್ಟರಲ್ಲಿ ಅಕ್ಕನ ಮಗಳು ಬಾಗಿಲಲ್ಲಿ ನಿಂತು, "ಚಿಕ್ಕಮ್ಮ, ಇಟ್ಸ್ ಗಾನ್," ಎನ್ನುವಳು. ಒಂದರ ಹಿಂದೆ ಒಂದು ಶನಿವಾರ ಇದೇ ಕಥೆ. ಇವರು ಅಕ್ಕ ಮಾಡಿದ ನೀರುದೋಸೆ ತಿನ್ನುತ್ತಾ ಫೋನಿನಲ್ಲಿ ಮಂಗಳೂರಿನ ಟಿಕೆಟ್ ನೋಡತೊಡಗಿದರು.

ಇಷ್ಟು ವರ್ಷ ಗಲ್ಫಿನಲ್ಲಿದ್ದವಳಿಗೆ ಕಾರಣ ಮೊದಲೇ ಹೊಳೆಯಬೇಕಿತ್ತು. ಆದರೆ ನಮಗೆ ಇಲ್ಲಿ ಎಸಿ ಇದೆ ಎಂಬುದೇ ಮರೆತುಹೋಗಿರುತ್ತದೆ. ಮನೆಯಲ್ಲಿ ಎಸಿ, ಕಾರಿನಲ್ಲಿ ಎಸಿ. ಹಾಗೆ ತಣ್ಣಗಾದ ಲೆನ್ಸಿನ ಗಾಜು ಮೇ ತಿಂಗಳ ಹಸಿ ಗಾಳಿಗೆ ಬಂದರೆ ಮಂಜು ಕಟ್ಟದೆ ಇನ್ನೇನು? ಅದು ಆರುವುದರೊಳಗೆ ಹಕ್ಕಿ ಹಾರಿರುತ್ತದೆ. ಇನ್ನೂ ಬೇಗ ಹೊರಡೋಣವೆಂದರೆ ಇವರು ಏಳುವವರಲ್ಲ. ಕೊನೆಯ ಶುಕ್ರವಾರ ಮಲಗುವ ಮುಂಚೆ ಕ್ಯಾಮೆರಾವನ್ನು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ಪಕ್ಕ ಇಟ್ಟೆ. ಬೆಳಿಗ್ಗೆ ಕಾರು ಹತ್ತಿದವಳೇ ಎಸಿ ಬಂದ್ ಮಾಡಿ ನಾಲ್ಕೂ ಗಾಜು ಇಳಿಸಿದೆ.

"ಎಂತ ಮಾಡ್ತಿದ್ದಿ ನೀನು?"

"ಎಸಿ ಖಲಾಸ್. ಅಕ್ಕನ ಮನೆವರೆಗೆ ಹೀಗೇ."

"ಬೆಂದು ಹೋಗ್ತೇವೆ ಮಾರಾಯ್ತಿ."

"ಬೇಯಿರಿ. ಪಂಥ ಕಟ್ಟಿದ್ದು ನೀವೇ ಅಲ್ವಾ?"

ಹೆದ್ದಾರಿಯುದ್ದಕ್ಕೂ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಇವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮುಖ ದಪ್ಪಗಾಗಿತ್ತು. ನಾನು ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಖುಷಿಯಾಗಿ ಬೆವರುತ್ತಾ ಕುಳಿತಿದ್ದೆ. ಗೇಟು ತೆಗೆದ ಅಕ್ಕ ನಮ್ಮಿಬ್ಬರನ್ನು ನೋಡಿ, "ದಾರಿಯಲ್ಲಿ ಕಾರು ಹಾಳಾಯ್ತಾ?" ಎಂದು ಕೇಳಿದಳು.

ಅಂಗಳದಲ್ಲಿ ಕ್ಯಾಮೆರಾ ಎತ್ತಿದೆ. ದಾಸವಾಳದ ಕೆಂಪು ಸ್ಪಷ್ಟವಾಗಿ ಕಂಡಿತು, ಎಸಳಿನ ನರ ಕೂಡ. ಸ್ವಲ್ಪ ಹೊತ್ತಿಗೆ ಹಕ್ಕಿ ಬಂತು. ಮೊದಲು ಕೊಂಬೆಯಲ್ಲಿ ಕುಳಿತು ಬಾಲ ಕುಣಿಸಿತು. ನಾನು ಉಸಿರು ಬಿಗಿಹಿಡಿದೆ. ತುದಿಯ ಹೂವಿಗೆ ಕೊಕ್ಕು ಎಟುಕದೆ ಹಾರಿತು, ಹೂವಿನ ಮುಂದೆ ನಿಂತಿತು. ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಿ ಹಿಡಿದೆ.

ಸಿಕ್ಕಿಬಿಟ್ಟಿತ್ತು. ಕಾಲೆರಡನ್ನೂ ಮಡಚಿಕೊಂಡು, ಕುತ್ತಿಗೆಯಲ್ಲಿ ನೀಲಿ ಹೊಳೆಸುತ್ತಾ, ಏನೂ ಇಲ್ಲದ ಗಾಳಿಯಲ್ಲಿ ಸೂರಕ್ಕಿ ನಿಂತಿತ್ತು. ಅಂಗಳದಲ್ಲೇ ಕುಣಿದುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಇವರು ಕ್ಯಾಮೆರಾ ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಕೊಂಬೆಯ ಮಾತು ಬರಲಿಲ್ಲ. ಫೋನ್ ತೆಗೆದು ಅಲ್ಲೇ ನಿಂತು ಊರಿಗೆ, ತಮ್ಮ ಅಣ್ಣನಿಗೆ, ಕರೆ ಮಾಡಿದರು.

"ಅಣ್ಣ, ಈ ಸಲ ನಾವು ಬರುವುದಿಲ್ಲ. ಇಲ್ಲ, ರಜೆ ಉಂಟು. ಇವಳಿಗೆ ಒಂದು ಹಕ್ಕಿಯ ಫೋಟೋ ತೆಗೀಲಿಕ್ಕುಂಟು, ನಾನೂ ಒಟ್ಟಿಗೆ ಹೋಗ್ತೇನೆ. ತಮಾಷೆ ಅಲ್ಲ ಅಣ್ಣ. ಇವಳು ತೆಗೆದದ್ದು ನೋಡಿದ್ರೆ ನೀವೇ ಹೋಗಿ ಬನ್ನಿ ಅಂತೀರಿ."

ನನಗಾಗಿ ಇವರು ಊರಿಗೆ ಬರುವುದಿಲ್ಲ ಎಂದದ್ದು ಅದೇ ಮೊದಲು. ಇವರು ಫೋನನ್ನು ನನ್ನ ಕೈಗೆ ಕೊಟ್ಟರು.

"ಯಾವ ಹಕ್ಕಿ ಅದು?" ಎಂದು ಆ ಕಡೆಯಿಂದ ಭಾವ ಕೇಳಿದರು. ಕುರ್ಚಿ ಎಳೆದುಕೊಂಡು ಕುಳಿತು ಹೇಳಲು ಶುರು ಮಾಡಿದೆ.