ಕೊಡದಲ್ಲಿ ತಂದ ಮೀನು

ನಾನು ಮೀನು ತಿನ್ನುವ ಮನೆಯವಳಲ್ಲ. ನಮ್ಮಂಥ ಶೈವರ ಮನೆಯಲ್ಲಿ ಮೀನೆಂದರೆ ಮೀನು, ಅಷ್ಟೇ. ಅದರಲ್ಲೂ ಬಗೆಗಳುಂಟು, ಒಂದು ಇನ್ನೊಂದರ ಮರಿಯನ್ನು ನುಂಗೀತು ಎಂಬುದೆಲ್ಲ ಯಾರಿಗೆ ಗೊತ್ತು? ಹೀಗಂತ ಇಷ್ಟು ವರ್ಷ ನನಗೆ ನಾನೇ ಸಬೂಬು ಹೇಳಿಕೊಂಡೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಆಗ ನಮ್ಮ ಸೀಮೆ ಮದರಾಸಿಗೆ ಸೇರಿತ್ತು. ಕಂಪ್ಲಿಯಲ್ಲಿ ಚಳಿಜ್ವರವಿಲ್ಲದ ಮನೆ ಇರಲಿಲ್ಲ. ನನ್ನ ಮೂರು ವರ್ಷದ ಮಗ ದಿನ ಬಿಟ್ಟು ದಿನ ನಡುಗುತ್ತಿದ್ದ. ಕ್ವಿನೈನ್ ಕುಡಿಸಿದರೆ ಕಕ್ಕುತ್ತಿದ್ದ. ತವರಿಗೆಂದು ಹೊಸಪೇಟೆಗೆ ಹೋದಾಗ, ಅಲ್ಲಿನ ಆಸ್ಪತ್ರೆಯ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನುವ ಪರದೇಶದ ಮೀನು ಬಿಟ್ಟಿದ್ದಾರೆಂದು ಕೇಳಿದೆ. ಬೆರಳಿನ ಗಣ್ಣಿನಷ್ಟು ಉದ್ದ, ಬೂದಿ ಬಣ್ಣ. ಕಾವಲಿನವನನ್ನು ಕಾಡಿ ಬೇಡಿ ಆರೇಳು ಮೀನು ಪಡೆದೆ. ದಾರಿಗೆ ನೀರೆಂದು ಒಯ್ದಿದ್ದ ಅಡುಗೆಮನೆಯ ಹಿತ್ತಾಳೆ ಕೊಡದಲ್ಲೇ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬಂಡಿಯಲ್ಲಿ ಕಂಪ್ಲಿಗೆ ತಂದೆ. ಅತ್ತೆ ಕಂಡಿದ್ದರೆ ಕೊಡದ ಜತೆ ನನ್ನನ್ನೂ ಬೀದಿಗೆ ಎಸೆಯುತ್ತಿದ್ದರು. ಹಿತ್ತಲ ಹಿಂದಿನ ಹೊಂಡಕ್ಕೆ ಮೀನು ಸುರಿದು, ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ.

ಆ ಹೊಂಡದ ಸಣ್ಣ ಮೀನು ಹಿಡಿದು, ಒಣಗಿಸಿ, ಸಂತೆಯಲ್ಲಿ ಮಾರಿ ಬದುಕುತ್ತಿದ್ದವಳು ನೆರೆಯ ಅಂಬಿಗರ ಮುದುಕಿ. ನಾನು ಮೀನು ಬಿಟ್ಟ ತಿಂಗಳಲ್ಲೇ ಅವಳ ಮನೆಗೆ ಹೊಸ ಸೊಸೆ ಬಂದಿದ್ದಳು. ಮರುವರ್ಷ ಬಲೆ ಎಳೆದರೆ ಬರೀ ನನ್ನ ಮೀನು.

"ಯಾ ಪೀಡಾ ಬಂದ್ವವ್ವಾ ಇವು! ತಿನ್ನಾಕ ಬರಲ್ಲ, ಮಾರಾಕ ಬರಲ್ಲ. ನಮ್ಮ ಮೀನಿನ ಮರೀನೆಲ್ಲ ನುಂಗಿ ಕುಂತಾವ," ಎಂದು ಮುದುಕಿ ದಂಡೆಯಲ್ಲೇ ಎದೆ ಬಡಿದುಕೊಂಡಳು. "ಎಲ್ಲಾ ನನ್ನ ಸೊಸಿ ಕಾಲ್ಗುಣ! ಇಕಿ ಹೊಸ್ತಿಲ ತುಳದ್ಲು, ಗಂಗಮ್ಮ ಮುನದ್ಲು."

ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆದರೆ ಒಳಗೆ ಅತ್ತೆ ಅದೇ ಕೊಡದ ನೀರು ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಥೂ, ನನ್ನ ಬಾಯಿಗಷ್ಟು ಮಣ್ಣು ಹಾಕ!

ವಾರದೊಳಗೆ ಸೊಸೆಯನ್ನು ತವರಿಗೆ ಅಟ್ಟಿದರು. ಹೋಗುವಾಗ ಗಂಟು ಹೊತ್ತುಕೊಂಡೇ ನಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದಳು. ಕೊಡ ಬಗ್ಗಿಸಿ ಬೊಗಸೆಗೆ ಹೊಯ್ದೆ.

"ಅಕ್ಕಾರ, ನೀವಾರ ಹೇಳ್ರಿ. ನನ್ನಿಂದ ಆತೇನ್ರಿ ಇದು?"

"ನನಗೇನ್ ಗೊತ್ತವ್ವಾ," ಅಂದೆ.

ಅವಳು ಬಾಯಿ ಒರೆಸಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದು ಹೊರಟಳು. ಮಗ ಅಂಗಳದಲ್ಲಿ ಆಡುತ್ತಿದ್ದ. ಆ ವರ್ಷ ಅವನಿಗೆ ಒಂದು ಸಲವೂ ಚಳಿ ಬಂದಿರಲಿಲ್ಲ.