ಹುಳುಮನೆಯಲ್ಲಿ ವಕೀಲರ ಕಚೇರಿ

ಶ್ರೀನಿವಾಸಪುರದ ವಕೀಲ ಕದಿರೇಶಪ್ಪನವರು ಕಣ್ಣು ಮುಚ್ಚಿದರೆ ಈಗಲೂ ಕೇಳಿಸುವುದು ನ್ಯಾಯಾಧೀಶರ ದನಿಯಲ್ಲ. ಸಾವಿರಾರು ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು.

ಅದು 1978. ಕರಿಕೋಟು ಹೊಲಿಸಿ ಆರು ತಿಂಗಳಾದರೂ ಒಂದು ವಕಾಲತ್ತೂ ಸಿಕ್ಕಿರಲಿಲ್ಲ. ಕಚೇರಿಗೆಂದು ಸಿಕ್ಕಿದ್ದು, ರೇಷ್ಮೆಹುಳು ಸಾಕುವ ದೊಡ್ಡಗಂಗಮ್ಮನ ಹುಳುಮನೆಯ ಒಂದು ಮೂಲೆ. ಗೋಣಿತಾಟಿನ ಪರದೆಯ ಆಚೆ ಹುಳುಗಳ ಮಹಾಸೈನ್ಯ, ಈಚೆ ಒಂದು ಮೇಜು, ಎರಡು ಕುರ್ಚಿ ಮತ್ತು ಏಕಾಂಗಿ ವೀರ ಕದಿರೇಶ.

ಕೊನೆಗೊಂದು ಮಧ್ಯಾಹ್ನ ಮೊದಲ ಕಕ್ಷಿದಾರ ಗಂಗುಲಪ್ಪ ಬಂದ. ಒಡಹುಟ್ಟಿದ ತಮ್ಮನೇ ಹೊಲದ ಬದು ಕಿತ್ತು ತನ್ನ ಪಾಲಿನ ಎರಡು ಸಾಲು ಉತ್ತುಕೊಂಡಿದ್ದಾನೆಂದು ಕೆಂಡವಾಗಿದ್ದ. ದೊಡ್ಡಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಏಮಯ್ಯಾ, ಬೀಡಿ ನಾತ! ಅಲ್ಲೇ ನಿಂತ್ಕೋ. ಹುಳ ಈಗಷ್ಟೇ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ, ಹೊಗೆಸೊಪ್ಪಿನ ಗಾಳಿ ತಾಕಿದ್ರೆ ಸಾಯ್ತವೆ.”

“ಲಾಯರ್ ಸಾಮಿ, ನಿಮ್ಮನ್ನ ನೋಡಕ್ಕೆ ಈಯಮ್ಮನ ಅಪ್ಪಣೆ ಬೇಕಾ? ಪೇಟೆಬೀದಿ ಲಾಯರ್ ಹತ್ರ ಹೋಗ್ತೀನಿ ಬಿಡಿ!”

ಇವನು ಕೈತಪ್ಪಿದರೆ ಕೋಟು ಮಡಿಸಿಟ್ಟು ಸುಗಟೂರಿನಲ್ಲಿ ಅಪ್ಪನ ಬದನೆ ತೋಟಕ್ಕೆ ನೀರು ಕಟ್ಟುವುದೇ ಗತಿ. ಕದಿರೇಶ ಜೀವಮಾನದ ಮೊದಲ ವಾದವನ್ನು ದೊಡ್ಡಗಂಗಮ್ಮನ ಮುಂದೆ ಮಂಡಿಸಿದ. ಸೋತ.

“ಸ್ನಾನ ಮಾಡ್ಕೊಂಡು ಬರ್ಲಿ,” ಎಂದು ತೀರ್ಪಾಯಿತು.

ಕದಿರೇಶ ತಾನೇ ಬಾವಿಯಿಂದ ನೀರು ಸೇದಿ ಸುರಿದ. ಗೊಣಗುತ್ತಲೇ ಮಿಂದ ಗಂಗುಲಪ್ಪ, ಬೀಡಿ ನಾತದ ಬಟ್ಟೆ ಹೊರಗೇ ಬಿಟ್ಟು, ದೊಡ್ಡಗಂಗಮ್ಮನ ಹಳೇ ಸೀರೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತ. ವಕಾಲತ್ತಿನ ಕಾಗದ ಎದುರಿಗೆ ಬಂತು. ಅಷ್ಟರಲ್ಲಿ ಅವನು ಕಿವಿಗೊಟ್ಟ.

“ಮಳೆ ಬಂತಾ ಸಾಮಿ?”

ಹೊರಗೆ ಸುಡುಬಿಸಿಲು. ಒಳಗೆ ಸೋನೆ ಹಿಡಿದಂತೆ ಸರಸರ, ಸರಸರ. ಹಸಿ ಸೊಪ್ಪಿನ ತಂಪು ಪರಿಮಳ. ಗಂಗುಲಪ್ಪನ ತಲೆ ಮೆಲ್ಲಗೆ ವಾಲಿತು. ಎಬ್ಬಿಸಬೇಕೆಂದು ಚಾಚಿದ ಕೈ ಚಾಚಿದಂತೆಯೇ ಕದಿರೇಶನೂ ತೇಲಿಹೋದ. ಕನಸಿನಲ್ಲಿ ಹೈಕೋರ್ಟು ಹಸಿರಾಗಿತ್ತು. ನ್ಯಾಯಮೂರ್ತಿಗಳು ಅದರ ಅಂಚಿನಿಂದ ಮೆಲ್ಲಗೆ ಮೇಯುತ್ತಿದ್ದರು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಕುರ್ಚಿ ಖಾಲಿ! ಎದ್ದು ಪರದೆ ಸರಿಸಿದರೆ, ಸೀರೆಯುಟ್ಟ ಗಂಗುಲಪ್ಪ ಹುಳುಗಳ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ.

“ಬದು ಕಿತ್ತಾಗಿಂದ ಕಣ್ಣಿಗೆ ನಿದ್ದೇನೇ ಹತ್ತಿರ್ಲಿಲ್ಲ ಸಾಮಿ,” ಎಂದ. “ಎಲ್ಲಿ ರುಜು ಹಾಕ್ಲಿ?”

ಕದಿರೇಶ ಕಾಗದ ಹಿಡಿದ. ರುಜು ಬಿತ್ತು.

“ಒಂದ್ಮಾತು. ವಾಯಿದೆ ಮೇಲೆ ವಾಯಿದೆ ಕೇಳಿ. ತಿಂಗ್ಳಿಗೊಂದ್ಸಲ ನಾನು ಇಲ್ಲಿಗೆ ಬಂದು ನಿದ್ದೆ ಮಾಡ್ಬೇಕು. ಬೇಗ ಮುಗ್ಸಿಬಿಟ್ಟೀರಾ ಮತ್ತೆ!”