ಮನೆಯ ಗೂಡಿನಲ್ಲಿ ಬಂದ ನೀಲಿ ಹರಳು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದಕ್ಕೇ ಇರಬೇಕು, ತೊಂಬತ್ತರ ದಶಕದ ಕೊನೆಗೆ ನನ್ನ ಪಿಎಚ್‌ಡಿ ಗೈಡ್ ನಾನು ಊರಿಂದ ತಂದ ಹರಳುಗಳನ್ನು ನೋಡಿ, "ಇವು ಎಲ್ಲಿಂದ ತಂದಿ, ಖರೇ ಹೇಳು" ಎಂದಾಗ ಮುಖಕ್ಕೆ ಹೊಡೆದಂತಾಯಿತು.

ಕೆಲಸ ಇಷ್ಟೇ: ತಾಮ್ರದ ಲವಣ, ಒಂದು ಸಾವಯವ ಆಮ್ಲ, ಎರಡೂ ತುದಿಗೆ ಕೊಂಡಿಯಿರುವ ಇನ್ನೊಂದು ಅಣು. ಮೂರನ್ನೂ ನೀರಿನಲ್ಲಿ ಕರಗಿಸಿ ಅಲುಗಾಡಿಸದೆ ಇಡಬೇಕು. ಯಾರೂ ಪೋಣಿಸುವುದು ಬೇಡ. ಅವೇ ಒಂದಕ್ಕೊಂದು ಸಿಕ್ಕಿಕೊಂಡು ಸಾಲುಗಟ್ಟಿ ಹರಳಾಗುತ್ತವೆ. ಲ್ಯಾಬಿನಲ್ಲಿ ಆರು ತಿಂಗಳು ಬರೀ ಪುಡಿ ಬಿತ್ತು. ದಸರಾ ರಜೆಗೆ ಎಲ್ಲ ಸಾಮಾನು ನಮ್ಮೂರು ವಾಡಿಯ ಮನೆಗೆ ಒಯ್ದು, ಶೀಶೆಗಳನ್ನು ಗೋಡೆಯ ಗೂಡಿನಲ್ಲಿಟ್ಟೆ. ಎರಡು ವಾರಕ್ಕೆ ನೀಲಿ ಹರಳು! ಲ್ಯಾಬಿಗೆ ಬಂದು ಮಾಡಿದರೆ ಮತ್ತೆ ಪುಡಿ.

ಪರೀಕ್ಷೆಗೆ ಕಳಿಸಿದ ಹರಳಿನ ವರದಿ ಬಂತು. ತಾಮ್ರದ ಜೊತೆ ಕ್ಯಾಲ್ಸಿಯಂ ಸೇರಿಕೊಂಡಿದೆ.

"ನೀ ಹಾಕಿಲ್ಲಂದ್ರ ಯಾರು ಹಾಕಿದ್ರು? ಮತ್ತೊಮ್ಮೆ ಬರಲಿಲ್ಲಂದ್ರ ಈ ಅಧ್ಯಾಯ ತೆಗಿ" ಎಂದರು ಗೈಡ್. ಅದು ಹೋದರೆ ಪ್ರಬಂಧದಲ್ಲಿ ಉಳಿಯುವುದೇನೂ ಇರಲಿಲ್ಲ.

ನನ್ನ ಅನುಮಾನ ಹೋಗಿದ್ದು ಪಕ್ಕದ ಶೆಲ್ಫಿನ ಸೀನಿಯರ್ ಮೇಲೆ. ಅವರ ಕೆಲಸವೇ ಕ್ಯಾಲ್ಸಿಯಂ ಮೇಲೆ. "ನಾ ಊರಿಗೆ ಒಯ್ದ ಲವಣದ ಡಬ್ಬಿಗೆ ಕೈ ಹಾಕಿದ್ರೇನ್ರಿ?" ಎಂದು ಎಲ್ಲರೆದುರೇ ಕೇಳಿದೆ.

"ಯಾಕವಾ, ಡಬ್ಬ್ಯಾಗ ಬಂಗಾರ ಇತ್ತೇನು?" ಎಂದು ನಕ್ಕರು. ಆ ನಗುವೂ ನನಗೆ ಕಳ್ಳನಗುವಿನಂತೆ ಕಂಡಿತು.

ಆ ಶನಿವಾರ ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ಬೈಯುತ್ತ ಕೂತಿದ್ದಳು. "ಮುಂಜಾನಿಂದ ಕುದಸ್ಲಿಕತ್ತೀನಿ, ಈ ಬೋರಿನ ನೀರೊಳಗ ಬ್ಯಾಳಿ ಬೇಯ್ತಾವೇನು? ಬರೀ ಸುಣ್ಣ! ಪಾತೇಲಿ ನೋಡು, ಹ್ಯಾಂಗ ಬೆಳ್ಳಗ ಆಗ್ಯದ."

ಸುಣ್ಣವೆಂದರೆ ಕ್ಯಾಲ್ಸಿಯಂ. ದಸರೆಗೆ ಬರುವಾಗ ರೈಲಿನಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು ಸೋರಿತ್ತು. ಕಡಿಮೆ ಬಿದ್ದಷ್ಟನ್ನು ಮನೆಯ ಕೊಡದಿಂದ ಹಾಕಿದ್ದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಡಿಸ್ಟಿಲ್ಡ್ ವಾಟರ್ ಎಂದೇ ಬರೆದಿದ್ದೆ. ಹುಟ್ಟಿದಾಗಿನಿಂದ ಕುಡಿದ ನೀರು. ಅದರಲ್ಲಿ ಇನ್ನೇನಾದರೂ ಇದ್ದೀತೆಂದು ಎಂಎಸ್ಸಿ ಮುಗಿಸಿದ ನನಗೆ ಹೊಳೆದಿರಲಿಲ್ಲ.

ಸೋಮವಾರ ಮನೆಯ ನೀರು ತುಂಬಿಕೊಂಡು ಹೋಗಿ ಗೈಡ್ ಮುಂದೆ ಒಪ್ಪಿಕೊಂಡೆ. ಅವರು ನಂಬಲಿಲ್ಲ. ತಾವೇ ಅಳೆದು ಮೂರು ಶೀಶೆಗೆ ವಾಡಿಯ ನೀರು, ಮೂರಕ್ಕೆ ಡಿಸ್ಟಿಲ್ಡ್ ಹಾಕಿ, ಮುಚ್ಚಳಕ್ಕೆ ಕಾಗದ ಅಂಟಿಸಿ ಅದರ ಮೇಲೆ ಸಹಿ ಮಾಡಿದರು. ಮೂರನೇ ವಾರಕ್ಕೆ ನಮ್ಮ ನೀರಿನ ಮೂರರಲ್ಲೂ ಹರಳು, ಉಳಿದವುಗಳಲ್ಲಿ ಪುಡಿ.

"ನೋಟ್‌ಬುಕ್ಕಿನಾಗಿನ ಸುಳ್ಳು ಹೊಡದು ಹಾಕು. ಖರೇ ಬರದು ಸಹಿ ಮಾಡು" ಎಂದರು. ಮಾಡಿದೆ. ಅಧ್ಯಾಯ ಉಳಿಯಿತು.

ಆಮೇಲೆ ಸೀನಿಯರ್ ಹತ್ತಿರ ಹೋಗಿ, "ನಂದು ತಪ್ಪಾತ್ರಿ ಸರ್" ಎಂದೆ.

"ಇರಲಿ ಬಿಡವಾ" ಎಂದರು.

ಮರುದಿನ ನೋಡಿದರೆ ಯಾವಾಗಲೂ ತೆರೆದೇ ಇರುತ್ತಿದ್ದ ಅವರ ಶೆಲ್ಫಿಗೆ ಬೀಗ ಬಿದ್ದಿತ್ತು.